ಲಾಲಸಾಬಣ್ಣನ ಕೈ ಹಿಡಿಯುವವರು

ನಮ್ಮೂರಿನಲ್ಲಿ ಹೆಣ್ಣಿನ ಕಡೆಯವರು ವರನ ಮನೆಗೆ ಹೋದರೆ ಹೊಲ ಎಷ್ಟು, ಮನೆ ಎಷ್ಟು ಅಂಕಣದ್ದು ಎಂದು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ವಯಸ್ಸು. ವರ ಒಂದು ತಿಂಗಳಾದರೂ ದೊಡ್ಡವನಿರಬೇಕು. ಇಲ್ಲವಾದರೆ ನಾಳೆ ಮಗಳು ಈಳಿಗೆಯ ಮೇಲೆ ಬೆರಳು ಕೊಯ್ದುಕೊಂಡಾಗ ಆ ನೋವನ್ನು ಹೊರುವವರು ಯಾರು? ಯಾರಿಗೇ ಗಾಯವಾಗಲಿ, ಅವರಿಗಿಂತ ದೊಡ್ಡವರು ಬಂದು ಕೈ ಹಿಡಿದರೆ ಸಾಕು. ರಕ್ತ ಗಾಯವಾದವರದೇ ಹರಿಯುತ್ತದೆ, ನೋವು ಮಾತ್ರ ಹಿಡಿದವರಿಗೆ ಹೋಗುತ್ತದೆ. ಚಿಕ್ಕವರು ಹಿಡಿದರೆ ಹೋಗುವುದಿಲ್ಲ. ನಮ್ಮಲ್ಲಿ ನೀರು ಎಲ್ಲ ಊರಿನ ಹಾಗೆ ಇಳಿಜಾರಿಗೇ ಹರಿಯುತ್ತದೆ, ನೋವು ಏರಿಗೆ ಹರಿಯುತ್ತದೆ.

ಹೀಗಾಗಿ ಮಗುವಿಗೆ ಕಿವಿ ಚುಚ್ಚುವ ದಿನ ಮಗು ಬೆಲ್ಲ ಚೀಪುತ್ತಾ ನಗುತ್ತಿರುತ್ತದೆ, ಅಜ್ಜಿ ಕಿವಿ ಹಿಡಿದುಕೊಂಡು ಚೀರುತ್ತಾಳೆ. ನಮ್ಮ ಹಡಪದವರು ತಮಗಿಂತ ಹಿರಿಯರ ಗಡ್ಡ ಹೆರೆಯಲು ಮಾತ್ರ ಮನಸ್ಸು ಮಾಡುತ್ತಾರೆ. ಕತ್ತಿ ಜಾರಿದಾಗ ಗಿರಾಕಿ ಗಾಬರಿಯಿಂದ ಕೈ ಹಿಡಿದುಬಿಟ್ಟರೆ ಎಂಬ ಹೆದರಿಕೆ. ಊರಿಗೆಲ್ಲ ಹಿರಿಯಳಾದ ಬಸಲಿಂಗಜ್ಜಿ ಕುಡಗೋಲು, ಸೂಜಿ ಮುಟ್ಟುವುದು ಬಿಟ್ಟು ಎಷ್ಟೋ ವರ್ಷವಾಯಿತು. ಅವಳ ನೋವು ಹೊರಲು ಮೇಲೆ ಯಾರೂ ಉಳಿದಿಲ್ಲ. ಹೆರಿಗೆ ನೋವೊಂದು ಯಾರ ಕೈಗೂ ದಾಟುವುದಿಲ್ಲ. ಅದು ಕೊಯ್ದ ಗಾಯವಲ್ಲವಂತೆ. ಈ ಕಟ್ಟಳೆ ಮಾಡಿದವನು ಗಂಡಸೇ ಇರಬೇಕು ಎಂದು ನಮ್ಮವ್ವ ಸಾಯುವ ತನಕ ಬೈಯುತ್ತಿದ್ದಳು.

ಸುನ್ನತಿಯ ಮನೆಗಳಲ್ಲಿ ಕೈ ಹಿಡಿಯುವವನು ಸೋದರಮಾವ. ಹುಡುಗ ಹೊಸ ಲುಂಗಿ ಸುತ್ತಿಕೊಂಡು ಪೇಡೆ ತಿನ್ನುತ್ತಿರುತ್ತಾನೆ, ಮಾವ ಗೋಡೆಗೆ ಒರಗಿ ಹಲ್ಲು ಕಚ್ಚಿರುತ್ತಾನೆ. ಕೋಳಿ ಸಾರು ಕುಡಿದು ನಾಲ್ಕು ದಿನ ಅಗಲ ಹೆಜ್ಜೆ ಹಾಕಿ ಓಡಾಡುವವನೂ ಮಾವನೇ. ಮಾವ ಊರಲ್ಲಿಲ್ಲ, ಜಗಳವಾಡಿದ್ದಾನೆ, ಹುಡುಗನಿಗಿಂತಲೂ ಸಣ್ಣವನು ಎಂದು ಸುನ್ನತಿ ಮುಂದೆ ಹೋಗುವುದೂ ಉಂಟು. ಮೀಸೆ ಚಿಗುರಿದ ಮೇಲೆ ಮಾಡಿಸಿಕೊಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಮ್ಮ ಪಕ್ಕದ ಮನೆಯ ಲಾಲಸಾಬಣ್ಣನಿಗೆ ಮಾವನೇ ಇರಲಿಲ್ಲ. ತಾಯಿ ಒಬ್ಬಳೇ ಮಗಳು. ಈ ವರ್ಷ, ಬರುವ ವರ್ಷ ಎನ್ನುತ್ತಾ ಮೀಸೆ ಬಂತು, ತಾಯಿ ತೀರಿಕೊಂಡಳು, ಮದುವೆಯಾಯಿತು, ಆಮೇಲೆ ಎಲ್ಲರೂ ಮರೆತೇಬಿಟ್ಟರು. ಅವನದು ಹತ್ತಿ ಹಿಂಜಿ ಗಾದಿ ಮಾಡುವ ಕಸುಬು. ಅವನ ಗಾದಿಗಳಿಗೆ ಗಲೀಫು ಹೊಲಿಯುವುದು ನನ್ನ ಕೆಲಸ. ಮೈತುಂಬ ಹತ್ತಿಯ ನಾರು ಅಂಟಿಸಿಕೊಂಡು ಸದಾ ಮುದುಕನ ಹಾಗೆ ಕಾಣುತ್ತಿದ್ದ ಆತ, ಊರಲ್ಲಿ ಯಾವ ಹುಡುಗನಿಗೆ ಮಾವ ಇಲ್ಲವೆಂದು ತಿಳಿದರೂ ತಾನೇ ಹೋಗಿ ಕೈ ಹಿಡಿಯುತ್ತಿದ್ದ. ಯಾರೂ ಕರೆಯಬೇಕಿರಲಿಲ್ಲ. ಮರುದಿನ ಅಗಲ ಹೆಜ್ಜೆ ಹಾಕುತ್ತಾ ಬಂದು ಹಿಂಜುವ ಬಿಲ್ಲಿನ ಮುಂದೆ ನಿಂತೇ ಕೆಲಸ ಮಾಡುತ್ತಿದ್ದ. ಹಾಗೆ ಕೈ ಹಿಡಿಸಿಕೊಂಡ ಹುಡುಗರು ಬೆಳೆದು, ಕೆಲವರು ತಂದೆಯೂ ಆಗಿ ಓಣಿಗೊಬ್ಬರಂತೆ ಇದ್ದಾರೆ. ಅವನಿಗಾಗಿ ಪ್ರಾಣ ಕೊಟ್ಟಾರು. ಆದರೆ ಎಲ್ಲರೂ ಅವನಿಗಿಂತ ಚಿಕ್ಕವರು. ಅವನು ಹೊತ್ತದ್ದನ್ನು ತಿರುಗಿ ಹೊರುವ ದಾರಿ ಅವರಿಗಿಲ್ಲ.

ಈಗ ಅವನ ಹೆಂಡತಿ ಖಾಸಿಂಬಿಯ ವಿಷಯ ಹೇಳಬೇಕು. ಅವಳು ಗಂಡನಿಗಿಂತ ಮೂರು ವರ್ಷ ದೊಡ್ಡವಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಅವಳ ಅಪ್ಪ ಒಂದೇ ಸುಳ್ಳಿನಲ್ಲಿ ಮುಗಿಸಿದ್ದ. ಬೇರೆ ಊರಿನಲ್ಲಿ ಇದೊಂದು ದೊಡ್ಡ ವಿಷಯವೇ ಅಲ್ಲದಿರಬಹುದು. ನಮ್ಮಲ್ಲಿ ಹಾಗಲ್ಲ. ಕೆಳಗಿನ ಓಣಿಯ ರಾಚವ್ವನ ವಯಸ್ಸು ಮದುವೆಯಾದ ವಾರದಲ್ಲೇ ಹೊರಬಿತ್ತು. ತರಕಾರಿ ಹೆಚ್ಚುವಾಗ ಬೆರಳು ಕೊಯ್ಯಿತು, ಗಂಡ ಓಡಿಬಂದು ಕೈ ಹಿಡಿದ, ನೋವು ಅವಳಲ್ಲೇ ಉಳಿಯಿತು. ಅಂದು ಸಂಜೆಯೇ ತವರಿಗೆ ಕಳಿಸಿದರು. ಇವತ್ತಿಗೂ ಅವಳು ತವರಿನಲ್ಲೇ ಸೆಗಣಿ ಬಾಚುತ್ತಿದ್ದಾಳೆ.

ಅದಕ್ಕೇ ಖಾಸಿಂಬಿ ಗಂಡನ ಎದುರು ಈಳಿಗೆ ಮುಟ್ಟುತ್ತಿರಲಿಲ್ಲ. ಗಾಯವಾದರೆ ಹಿತ್ತಲ ಗೋಡೆಯ ಹತ್ತಿರ ಬಂದು ನನ್ನಿಂದ ಅರಿಶಿನ ಇಸಿದುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಕೂರುತ್ತಿದ್ದಳು. ನಾನು ಅವಳಿಗಿಂತ ಸಣ್ಣವಳು, ಹಿಡಿದರೂ ದಾಟುವುದಿಲ್ಲ. ಗಂಡನ ಕೈಗೆ ದಬ್ಬಣ ಚುಚ್ಚಿದರೆ ಇನ್ನೂ ಪೇಚು. ಬೇರೆ ಹೆಂಗಸರು ಸುಮ್ಮನೆ ಧೈರ್ಯಕ್ಕಾದರೂ ಗಂಡನ ಕೈ ಹಿಡಿಯುತ್ತಾರೆ. ಇವಳು ಹಿಡಿದರೆ ನೋವು ಇವಳಿಗೆ ಬಂದುಬಿಡುತ್ತದೆ, ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ದೂರ ನಿಂತು “ಒತ್ತಿ ಹಿಡೀರಿ, ನಿಲ್ಲತೈತಿ” ಎನ್ನುತ್ತಿದ್ದಳು. ಓಣಿಯ ಹೆಂಗಸರು ಅವಳಿಗೆ ಕಲ್ಲೆದೆಯವಳು ಎಂದು ಹೆಸರಿಟ್ಟಿದ್ದರು. ಅವಳ ಎದೆ ಎಂಥದೆಂದು ನನಗೆ ಗೊತ್ತಿತ್ತು. ಆದರೆ ಬಾಯಿ ಬಿಡುವಂತಿರಲಿಲ್ಲ.

ಲಾಲಸಾಬಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ಬೆಲ್ಲದ ಚಹಾ ಬಿಟ್ಟ, ಅನ್ನ ಬಿಟ್ಟ, ಆದರೂ ಅದು ಅವನನ್ನು ಬಿಡಲಿಲ್ಲ. ಆಮೇಲೆ ಮುಂದೊಗಲು ಸೀಳಲು ಶುರುವಾಯಿತು. ಒಣಗುವುದು, ಮತ್ತೆ ಸೀಳುವುದು. ಸೀಳಿದ ಕಡೆಯಲ್ಲೆಲ್ಲ ಗಟ್ಟಿಯಾಗಿ, ಬರಬರುತ್ತಾ ಚೀಲದ ಬಾಯಿಗೆ ದಾರ ಎಳೆದ ಹಾಗೆ ಬಿಗಿದುಕೊಂಡಿತು. ಅವನು ಬಚ್ಚಲಿಗೆ ಹೋದರೆ ಹೊರಗೆ ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಗಂಡಸರು ಇಂಥದ್ದನ್ನು ಹೇಳುವುದಿಲ್ಲ. ಖಾಸಿಂಬಿ ಅವನ ಪಂಜೆ ಒಗೆಯುವಾಗ ಕಲೆ ನೋಡಿ ತಿಳಿದುಕೊಂಡಳು. ಬೈದು, ಕೂಗಾಡಿ, ಮಗಳು ರಾಬಿಯಾಳನ್ನು ಮನೆಗೆ ಕಾವಲಿಟ್ಟು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಊರಿನ ಡಾಕ್ಟರು ಅವನಿಗಿಂತ ಹತ್ತು ವರ್ಷ ಸಣ್ಣವರು, ಮಾತು ಒರಟು. “ಮುಲಾಮಿನ ಕಾಲ ಮುಗೀತು ಲಾಲಸಾಬ. ಸುನ್ನತಿ ಮಾಡೂದ ಆಗಬೇಕು. ಬಿಟ್ಟರ ಒಂದಿನ ಉಚ್ಚಿ ಪೂರ್ತಿ ಕಟ್ಟತೈತಿ. ಆಮ್ಯಾಲೆ ಒಳಗೆಲ್ಲ ನಂಜಾಗಿ ಸಾಯ್ತಿ ನೋಡು” ಎಂದರು.

“ಮಾಡಿಬಿಡ್ರಿ. ನಾ ತಡಕೋತೀನಿ” ಎಂದ ಇವನು.

“ನೀ ತಡಕೋತಿ. ನಿನ್ನ ಮೈ ತಡಕೋಬೇಕಲ್ಲ? ಬೆಳೆದ ಗಂಡಸಿಗೆ ಮಾಡೂದು ಸಣ್ಣ ಹುಡುಗರಿಗೆ ಮಾಡಿದಂಗಲ್ಲ. ಹೊತ್ತು ಹಿಡೀತೈತಿ, ಹೊಲಿಗಿ ಹಾಕಬೇಕು. ನೀ ಒಂದಿಷ್ಟು ಅಳ್ಳಾಡಿದರ ನನ್ನ ಕತ್ತರಿ ಎಲ್ಲಿಗೆ ಹೋಗತೈತೋ ನನಗ ಗೊತ್ತಿಲ್ಲ. ಕೈ ಹಿಡಿಯವರನ್ನ ಕರಕೊಂಡ ಬಾ.”

ಮರಗಟ್ಟಿಸುವ ಸೂಜಿ ನಮ್ಮೂರಿನವರಿಗೆ ಹತ್ತುವುದಿಲ್ಲ. ಎಲ್ಲಿಗೆ ಹೋಗಿ ಚುಚ್ಚಿಸಿಕೊಂಡರೂ ಬರೀ ನೀರು ಚುಚ್ಚಿದ ಹಾಗೆ.

ಲಾಲಸಾಬಣ್ಣ ಕೈ ಹಿಡಿಯುವವರನ್ನು ಹುಡುಕಲು ಹೊರಟ. ಅವನಿಗಿಂತ ಹಿರಿಯ ಗಂಡಸರು ಊರಲ್ಲಿ ಬೇಕಾದಷ್ಟಿದ್ದರು, ಆದರೆ ಹಿರಿಯರ ಹತ್ತಿರ ಕಾರಣಗಳೂ ಬೇಕಾದಷ್ಟಿದ್ದವು. ಗಿರಣಿಯ ಚನ್ನಬಸಪ್ಪ ತನಗೆ ಬಿ.ಪಿ. ಇದೆ ಎಂದ. ಇದ್ದದ್ದು ನಿಜ, ಆದರೆ ಹೋದ ಜಾತ್ರೆಯಲ್ಲಿ ಕುಸ್ತಿ ಹಿಡಿಯುವಾಗ ಅದು ಎಲ್ಲಿಗೆ ಹೋಗಿತ್ತೋ. ನಿವೃತ್ತ ಮಾಸ್ತರರು ದೂರದಿಂದಲೇ ಹಸ್ತರೇಖೆ ನೋಡಿ, ಮಳೆಗಾಲ ಮುಗಿಯಲಿ ಎಂದರು. ಹುಡುಗರ ನೋವು ಬೇರೆ, ಬೆಳೆದವನ ನೋವು ಬೇರೆ, ಅದರಲ್ಲೂ ಸಕ್ಕರೆ ಕಾಯಿಲೆಯವನ ಗಾಯ ಎಷ್ಟು ದಿನ ಕಾಡುತ್ತದೋ ಎಂದು ಎಲ್ಲರಿಗೂ ಒಳಗೇ ಪುಕುಪುಕು. ವಯಸ್ಸಾದ ಹೆಂಗಸರನ್ನು ಕೇಳುವ ಹಾಗಿರಲಿಲ್ಲ. ಸುನ್ನತಿಯ ಕೋಣೆಗೆ ಪರಹೆಣ್ಣು ಕಾಲಿಡುವುದುಂಟೇ? ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಅವನು ತಿರುಗುತ್ತಿದ್ದರೆ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಖಾಸಿಂಬಿಯ ಮುಖ ನನಗೆ ನೋಡಲಾಗುತ್ತಿರಲಿಲ್ಲ.

“ನೀನ ಹಿಡಿಬಾರದೇನು” ಎಂದು ಒಂದು ದಿನ ಗೋಡೆಯ ಮೇಲಿನಿಂದ ಹೇಳಿಯೇಬಿಟ್ಟೆ.

“ಸುಮ್ಮನಿರ ನೀಲವ್ವ.”

“ಎಲ್ಲಾರೂ ಸುಮ್ಮನಿದ್ದರ ಅಣ್ಣ ಸಾಯ್ತಾನ.”

ಅವಳು ಬಕೆಟ್ಟು ಕೆಳಗಿಟ್ಟಳು. “ಸತ್ತರ ಮುಂಡಿ ಆಗಿ ಈ ಮನ್ಯಾಗ ಇರತೀನಿ. ನಾ ದೊಡ್ಡಾಕಿ ಅಂತ ಗೊತ್ತಾದರ ಗಂಡ ಇದ್ದೂ ತವರಾಗ ಇರಬೇಕು. ನನ್ನ ತವರಾಗ ಈಗ ಯಾರ ಅದಾರ, ಹೇಳು? ಅಣ್ಣನ ಹೆಂಡತಿ ಬಾಗಿಲದಾಗ ನಿಲ್ಲಿಸಿಕೊಳ್ಳಾಂಗಿಲ್ಲ.” ಬಕೆಟ್ಟು ಮತ್ತೆ ಎತ್ತಿಕೊಂಡವಳು, “ಹಂಗಂತ ಅವರು ಸಾಯಲಿ ಅಂತೀನೇನ ನಾನು?” ಎಂದು ತಾನೇ ಕೇಳಿ ತಾನೇ ಅತ್ತಳು. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಈಗಲೂ ಗೊತ್ತಿಲ್ಲ.

ಕಡೆಗೆ ಒಪ್ಪಿಕೊಂಡವನು ಬಂದಗಿಸಾಬಜ್ಜ. ಲಾಲಸಾಬಣ್ಣನಿಗೆ ಹಿಂಜುವ ಬಿಲ್ಲು ಹಿಡಿಯಲು ಕಲಿಸಿದ ಗುರು, ಬೆನ್ನು ಬಾಗಿದ ಮುದುಕ. “ಇದಕ್ಕ ಊರ ತಿರುಗಿದಿ ಏನೋ? ಮೊದಲ ನನ್ನ ಹತ್ರ ಬರೂದಲ್ಲ? ನನಗೇನು ಹೊಸ ಮದುವಿ ಆಗೂದೈತೇನು, ನಾಲ್ಕು ದಿನ ನೋವಾದರ ಆಗಲಿ” ಎಂದು ನಕ್ಕ. ಖಾಸಿಂಬಿ ಆ ದಿನ ಅಜ್ಜನಿಗೆ ತುಪ್ಪ ಹಾಕಿ ಊಟಕ್ಕಿಟ್ಟಳು. ಗೋಡೆಯ ಮೇಲಿನಿಂದ ನನಗೂ ಒಂದು ಬಟ್ಟಲು ಬಂತು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಕಳೆ ಬಂದಿತ್ತು.

ಮರುದಿನ ಬೆಳಿಗ್ಗೆಯೇ ಲಾಲಸಾಬಣ್ಣನಿಗೆ ಉಚ್ಚೆ ಕಟ್ಟಿತು. ಹೊಟ್ಟೆ ಉಬ್ಬಿ ಕಲ್ಲಾಗಿ, ಮೈಯೆಲ್ಲ ಬೆವರು. ಗಾದಿ ಸಾಗಿಸುವ ತಳ್ಳುಗಾಡಿಯಲ್ಲಿ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದೆವು. ತಳ್ಳಿದವರು ಅವನು ಕೈ ಹಿಡಿದಿದ್ದ ಹುಡುಗರೇ. ಸುದ್ದಿ ಮುಟ್ಟಿದ ಹಾಗೆ ಇನ್ನಷ್ಟು ಜನ ಅಂಗಡಿ ಮುಚ್ಚಿ, ಹೊಲ ಬಿಟ್ಟು ಬಂದರು. ಆಸ್ಪತ್ರೆಯ ಪಡಸಾಲೆ ತುಂಬಿಹೋಯಿತು. ಅವರಲ್ಲೊಬ್ಬ, ಟೈರಿನ ಅಂಗಡಿಯ ಮೈಬೂಬ, ನಾಲ್ಕು ಮಕ್ಕಳ ತಂದೆ, ತಡೆಯಲಾರದೆ ಒಳಗೆ ನುಗ್ಗಿ ಲಾಲಸಾಬಣ್ಣನ ಕೈ ಹಿಡಿದ. ಏನೂ ದಾಟುವುದಿಲ್ಲ ಎಂದು ಅವನಿಗೂ ಗೊತ್ತು. ಡಾಕ್ಟರು ಬೈದು ಹೊರಗೆ ಕಳಿಸಿದರು. ಅವನು ಕಂಬಕ್ಕೆ ತಲೆ ಆನಿಸಿ ನಿಂತ.

ಬಂದಗಿಸಾಬಜ್ಜ ಅಂಗಿಯ ತೋಳು ಮಡಚಿಕೊಂಡು ಒಳಗೆ ಹೋದ. ಡಾಕ್ಟರು ಕಿವಿಗೆ ನಳಿಕೆ ಸಿಕ್ಕಿಸಿ ಅವನ ಎದೆ ಬಡಿತ ಕೇಳಿದರು. ಮತ್ತೊಮ್ಮೆ ಕೇಳಿದರು. “ಅಜ್ಜಾ, ಹೊರಗ ಕುಂದ್ರು. ನಿನ್ನ ಎದಿ ಇದನ್ನ ತಡಿಯಾಂಗಿಲ್ಲ. ಒಬ್ಬನ್ನ ಉಳಿಸಾಕ ಹೋಗಿ ಇಬ್ಬರ ಹೆಣ ನೋಡಾಕ ನನ್ನ ಕೈಲಿ ಆಗೂದಿಲ್ಲ.” ಅಜ್ಜ ವಾದ ಮಾಡಿದ, ಬೈದ, ಕಡೆಗೆ ನರ್ಸು ಅವನನ್ನು ರಟ್ಟೆ ಹಿಡಿದು ತಂದು ನಮ್ಮ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. “ಬ್ಯಾರೆ ಯಾರರ ದೊಡ್ಡವರ ಅದಾರೇನು? ಜಲ್ದಿ” ಎಂದು ಡಾಕ್ಟರು ಒಳಗಿನಿಂದ ಕೂಗಿದರು. ಪಡಸಾಲೆಯಲ್ಲಿ ಅಷ್ಟು ಜನ, ಎಲ್ಲರೂ ಚಿಕ್ಕವರು, ಎಲ್ಲರೂ ನೆಲ ನೋಡುತ್ತಿದ್ದರು.

ಖಾಸಿಂಬಿ ಎದ್ದಳು. ನನ್ನ ಮುಖವನ್ನೂ ನೋಡಲಿಲ್ಲ. ಪರದೆ ಸರಿಸಿ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಪರದೆಯ ಈಚೆ ನಿಂತೆ. ಮುಂದಿನದನ್ನು ನೋಡಿಲ್ಲ, ಕೇಳಿದ್ದೇನೆ. ನಾನೊಬ್ಬಳೇ ಅಲ್ಲ, ಪಡಸಾಲೆಯೆಲ್ಲ ಕೇಳಿತು. ಪರದೆಗೆ ಎಷ್ಟು ದಪ್ಪವಿರುತ್ತದೆ?

“ನಾ ಹಿಡೀತೀನ್ರಿ.”

“ಧೈರ್ಯಕ್ಕ ಹಿಡಿಯೂದಾದರ ಹಿಡಿಯವ್ವ. ನೋವು ನಿನಗ ದಾಟೂದಿಲ್ಲ.”

“ದಾಟತೈತ್ರಿ. ನಾ ಇವರಕಿಂತ ಮೂರು ವರ್ಷ ದೊಡ್ಡಾಕಿ.”

ಪಡಸಾಲೆಯಲ್ಲಿ ಯಾರೋ ಕೆಮ್ಮುತ್ತಿದ್ದವನು ನಿಲ್ಲಿಸಿದ. ಒಳಗೆ ಲಾಲಸಾಬಣ್ಣನ ದನಿ, ಅಷ್ಟು ನೋವಿನಲ್ಲೂ ಗಟ್ಟಿಯಾಗಿ ಬಂತು. “ಡಾಕ್ಟ್ರ, ಆಕಿ ಹೆದರಿ ಏನೇನೋ ಮಾತಾಡಾಕತ್ತಾಳ. ಆಕಿ ನನಕಿಂತ ಸಣ್ಣಾಕಿ. ಊರಿಗೆಲ್ಲ ಗೊತ್ತೈತಿ. ಖಾಸಿಂಬಿ, ಹೊರಗ ಹೋಗು.”

“ಹೋಗೂದಿಲ್ಲ.”

“ಹೋಗಂದರ ಹೋಗು!”

“ನಾಳೆ ಬೇಕಾದರ ತವರಿಗೆ ಕಳಸ್ರಿ. ತಕರಾರು ಮಾಡೂದಿಲ್ಲ. ಇವತ್ತ ಕೈ ಕೊಡ್ರಿ.”

“ಗಂಡಾ ಹೆಂಡತಿ ಜಗಳಾ ಮನ್ಯಾಗ ಇಟಗೋರಿ” ಎಂದರು ಡಾಕ್ಟರು. “ಹಿಡಿಯವ್ವ ನೀನು. ದಾಟಿದರ ದಾಟಲಿ. ಎಲ್ಲಿ ಬರತೈತೋ ನನಗೂ ಗೊತ್ತಿಲ್ಲ, ಹೆಂಗಸರು ಹಿಡಿದದ್ದು ನಾ ಇನ್ನೂ ನೋಡಿಲ್ಲ.”

ತಟ್ಟೆಯಲ್ಲಿ ಕತ್ತರಿ ಎತ್ತಿದ ಸದ್ದು ಕೇಳಿಸಿತು. ಆಮೇಲೆ ಆ ಕೋಣೆಯಿಂದ ಒಂದು ನರಳಾಟ ಬಂತು. ಹೆಂಗಸಿನ ದನಿ. ಗಂಡಸಿನ ಬಾಯಿಂದ ಉಸಿರೂ ಇಲ್ಲ. ಪಡಸಾಲೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮುಗಿಯಿತು ಇವಳ ಸಂಸಾರ ಎಂದೇ ಅಂದುಕೊಂಡೆ.

ಕಟ್ಟಿದ್ದ ನೀರು ಬಿಟ್ಟಿತು, ನರ್ಸು ಬೋಗುಣಿ ಹಿಡಿದುಕೊಂಡು ಹೊರಗೆ ಓಡಿದಳು. ಡಾಕ್ಟರು ಹೊಲಿಗೆ ಶುರು ಮಾಡಿದರು. ಸೂಜಿ ಒಳಗೆ ಹೋದಾಗೆಲ್ಲ ಖಾಸಿಂಬಿ ಹಲ್ಲಿನ ಸಂದಿಯಿಂದ ಉಸಿರೆಳೆಯುತ್ತಿದ್ದಳು.

“ಬಿಡು, ಕೈ ಬಿಡು. ಉಳಿದದ್ದು ನಾ ತಡಕೋತೀನಿ” ಎಂದ ಲಾಲಸಾಬಣ್ಣ. ಅವನ ದನಿ ಈಗ ಮೆತ್ತಗಾಗಿತ್ತು.

“ಸುಮ್ಮನ ಮಕ್ಕೋರಿ. ಅಳ್ಳಾಡಬ್ಯಾಡ್ರಿ.” ಒಂದು ಹೊಲಿಗೆ. “ನಮ್ಮಪ್ಪ ಸುಳ್ಳು ಹೇಳಿದ. ನಾನೂ ಬಾಯಿ ಬಿಡಲಿಲ್ಲ. ನೀವು ಏನ್ ಅಂದರೂ ಅನಸ್ಕೋತೀನಿ.”

“ಗೊತ್ತೈತಿ.”

“ಏನ್ ಗೊತ್ತೈತಿ?”

“ನೀ ದೊಡ್ಡಾಕಿ ಅಂತ ಗೊತ್ತೈತಿ.” “ರಾಬಿಯಾ ಹುಟ್ಟಿದ ವರ್ಷ ಹಿತ್ತಲದಾಗ ಕುಡಗೋಲು ನಿನ್ನ ಹಿಮ್ಮಡಕ್ಕ ಹತ್ತಿತ್ತಲ್ಲ. ರಕ್ತ ನೋಡಿ ಎಚ್ಚರ ತಪ್ಪಿದ್ದಿ. ನಾ ಓಡಿಬಂದು ಕೈ ಹಿಡಿದೆ. ಬರಲಿಲ್ಲ. ಎರಡೂ ಕೈಲೆ ಹಿಡಿದೆ. ಗಟ್ಟಿ ಹಿಡಿದೆ. ಬರಲಿಲ್ಲ ಅದು. ನಿನಗ ಎಚ್ಚರಾಗೂದರಾಗ ಹೊರಗ ಹೋಗಿ ಕುಂತೆ.”

ಡಾಕ್ಟರ ಸೂಜಿಯೂ ನಿಂತಿತ್ತು ಎಂದು ಕಾಣುತ್ತದೆ.

“ರಾಬಿಯಾಗ ಈಗ ಮದುವಿ ವಯಸ್ಸು” ಎಂದಳು ಖಾಸಿಂಬಿ. ಮತ್ತೆ ಇದ್ದಕ್ಕಿದ್ದ ಹಾಗೆ ದನಿ ಏರಿಸಿದಳು. “ಮತ್ತ ಮಂದಿ ಬಾಗಿಲಾ ಯಾಕ ಅಡ್ಡಾಡಿದ್ರಿ? ಆ ಚನ್ನಬಸಪ್ಪನ ಮುಂದ ಕೈ ಮುಗದು ಯಾಕ ನಿಂತ್ರಿ? ಸಾಯಾಕ ಬಂದಿದ್ರಿ! ನನ್ನ ಒಂದ ಮಾತು ಕೇಳೂದಲ್ಲ?”

“ಹ್ಯಾಂಗ ಕೇಳಲಿ? ಕೇಳಿದರ, ನನಗ ಗೊತ್ತೈತಿ ಅಂತ ನಿನಗ ಗೊತ್ತಾಗತಿತ್ತಲ್ಲ.”

ಅವಳು ಅತ್ತಳು. ಇಷ್ಟು ವರ್ಷ ಗೋಡೆಯ ಈಚೆಯಿಂದ ಅವಳ ಅಳು ಕೇಳಿದವಳು ನಾನು, ಆದರೆ ಇಷ್ಟು ಜೋರಾಗಿ, ಬಾಯಿಗೆ ಸೆರಗಿಲ್ಲದೆ ಅತ್ತದ್ದನ್ನು ಅಂದೇ ಕೇಳಿದ್ದು. ಡಾಕ್ಟರು ಪಾಪ, ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡರು. “ಇನ್ನ ಎರಡ ಹೊಲಿಗಿ ತಾಯಿ, ಎರಡ” ಎಂದರು.

“ಹಾಕ್ರಿ ಸಾಹೇಬ್ರ. ಎಷ್ಟ ಬೇಕಾದರೂ ಹಾಕ್ರಿ.”

“ಚರ್ಮ ನಂದೈತಿ, ನೆನಪಿರಲಿ” ಎಂದ ಲಾಲಸಾಬಣ್ಣ.

ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಪಡಸಾಲೆಯ ಕಡೆ ತಿರುಗಿದೆ. ಆಗ ನೆನಪಾಯಿತು, ಇವರಿಬ್ಬರದು ಸರಿಹೋಯಿತು, ಊರಿನದು ಸರಿಹೋಗಿಲ್ಲ ಎಂದು. ಸಂಜೆಯೊಳಗೆ ಓಣಿಗೆಲ್ಲ ಹರಡುತ್ತದೆ. ರಾಚವ್ವನನ್ನು ಕಳಿಸಿದ ಹಿರಿಯರೇ ನಾಳೆ ಲಾಲಸಾಬಣ್ಣನ ಬಾಗಿಲಿಗೆ ಬಂದು ಪಂಚಾಯಿತಿ ಕೂಡಿಸುತ್ತಾರೆ. ರಾಬಿಯಾಳಿಗೆ ಗಂಡು ಹುಡುಕಲು ಹೋದರೆ, ತಾಯಿಯ ವಯಸ್ಸು ಸುಳ್ಳು, ಮಗಳದ್ದು ನಿಜವೇ ಎಂದು ಕೇಳುತ್ತಾರೆ.

ಬಂದಗಿಸಾಬಜ್ಜ ಬೆಂಚಿನಿಂದ ಎದ್ದು ನಿಂತ. ಅಲ್ಲಿ ನಿಂತಿದ್ದ ಗಂಡಸರನ್ನು, ಲಾಲಸಾಬಣ್ಣ ಕೈ ಹಿಡಿದಿದ್ದ ಅಷ್ಟೂ ಜನರನ್ನು, ಒಬ್ಬೊಬ್ಬರಾಗಿ ನೋಡಿದ.

“ಏನ್ರೋ, ಯಾರಿಗರ ಏನರ ಕೇಳಿಸಿತೇನು?”

ಕಂಬಕ್ಕೆ ಒರಗಿದ್ದ ಮೈಬೂಬ ಕಣ್ಣು ಒರೆಸಿಕೊಂಡು ಮುಂದೆ ಬಂದ. “ಏನೂ ಕೇಳಿಲ್ಲ ಅಜ್ಜಾ. ನೋವು ನೀ ಹೊತ್ತಿ. ನಾವೆಲ್ಲಾ ಕಣ್ಣಾರೆ ನೋಡೀವಿ.”

“ಹೌದು, ಅಜ್ಜ ಹೊತ್ತ” ಎಂದ ಇನ್ನೊಬ್ಬ.

“ಭಾಳ ನರಳಿದಿ ಬಿಡ ಅಜ್ಜಾ, ಹೆಂಗಸರಂಗ” ಎಂದ ಮತ್ತೊಬ್ಬ, ಎಲ್ಲರೂ ನಕ್ಕರು.

ಮುದುಕ ಅಲ್ಲಿಂದ ಮನೆಯವರೆಗೆ ಅಗಲ ಹೆಜ್ಜೆ ಹಾಕುತ್ತಾ ಹೋದ. ನಾಲ್ಕು ದಿನ ಅವನಿಗೇ ಮೈಬೂಬನ ಮನೆಯಿಂದ ಕೋಳಿ ಸಾರು ಹೋಯಿತು. ಖಾಸಿಂಬಿ ಜ್ವರ ಎಂದು ಮಲಗಿದಳು. ನೋವು ಎಲ್ಲಿ ಬಂತೇ ಎಂದು ನಾನು ಕೇಳಿದರೆ, “ನಿನಗ್ಯಾಕ?” ಎಂದಳು.

ನೀವು ನಮ್ಮೂರಿನವರಲ್ಲ, ಅದಕ್ಕೆ ನಿಮಗೆ ಹೇಳಿದೆ. ಎಂದಾದರೂ ಬಂದರೆ ಯಾರನ್ನು ಬೇಕಾದರೂ ಕೇಳಿ ನೋಡಿ, ಖಾಸಿಂಬಿ ಗಂಡನಿಗಿಂತ ಚಿಕ್ಕವಳು ಎನ್ನುತ್ತಾರೆ. ನನ್ನನ್ನು ಕೇಳಿದರೂ ಅದನ್ನೇ ಹೇಳುತ್ತೇನೆ.